ಬುತ್ತಿ ನಿಂತ ಮಧ್ಯಾಹ್ನ

ಸತ್ತವರ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ನಮ್ಮ ಲಕ್ಷ್ಮೇಶ್ವರದಲ್ಲಿ ಈ ಮಾತಿಗೆ ಜಾತಿಯಿಲ್ಲ, ಮತವಿಲ್ಲ. ನಮ್ಮವರಲ್ಲಿ ಮೂರನೆಯ ದಿನದ ಜಿಯಾರತ ಮುಗಿಯುವ ತನಕ, ಹಿಂದೂಗಳಲ್ಲಿ ಅವರವರ ಶಾಸ್ತ್ರ ಮುಗಿಯುವ ತನಕ, ನೆಂಟರೂ ಓಣಿಯವರೂ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಎದುರಿಗೆ ಕೂತು, ಒಲ್ಲೆ ಅಂದರೂ ಬಿಡದೆ ಉಣ್ಣಿಸಿ, ಖಾಲಿ ಬುಟ್ಟಿ ಹಿಡಿದುಕೊಂಡು ಹೋಗುತ್ತಾರೆ. ನಾಲ್ಕನೆಯ ದಿನ ಮನೆಯ ಹೆಂಗಸು ಎದ್ದು ಒಲೆ ಹಚ್ಚುತ್ತಾಳೆ. ಅಲ್ಲಿಗೆ ಸತ್ತವರು ಸತ್ತಂತೆ, ಇದ್ದವರು ಬದುಕಿದಂತೆ.

ನಮ್ಮ ಮನೆಯಲ್ಲಿ ಸತ್ತವಳೇ ಆ ಹೆಂಗಸು. ಹಾಗಾಗಿ ನಾಲ್ಕನೆಯ ದಿನ ಬರಲೇ ಇಲ್ಲ.

ನಾನು ಶಾಹಿಸ್ತಾ. ಅಪ್ಪ ಮರ್ದಾನಸಾಬ ಗಾದಿ ಮಾಡುತ್ತಾನೆ. ನಾವು ನದಾಫರು. ಹತ್ತಿ ಹಿಂಜುವುದು, ಗಾದಿ ಹೊಲಿಯುವುದು ಕಸುಬು, ಮನೆಮಾತು ಕನ್ನಡ. ಉರ್ದು ನಮ್ಮ ಮನೆಗೆ ಬರುವುದು ಮಸೀದಿಯ ಮೈಕಿನಿಂದ ಮಾತ್ರ. ನಾನು ಗದಗಿನ ಕಾಲೇಜಿನಲ್ಲಿ ಬಿಎ ಕೊನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ, ಮುಂಗಾರಿಗೆ ಮುಂಚೆ, ಅವ್ವ ಮೆಹಬೂಬಿ ಜ್ವರ ಬಂದು ಮಲಗಿದಳು. ಏಳಲಿಲ್ಲ. ಇದಕ್ಕಿಂತ ಹೆಚ್ಚಿಗೆ ಹೇಳುವುದು ಏನೂ ಇಲ್ಲ ಅಂತ ಆಗ ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಅವಳನ್ನು ಎತ್ತುವಾಗ ಓಣಿಯ ಹೆಂಗಸರೆಲ್ಲ ಅತ್ತರು. ನಾನು ಚಪ್ಪಲಿ ಹೊಂದಿಸಿ ಇಡುತ್ತಿದ್ದೆ. ಬಂದವರ ಚಪ್ಪಲಿ ಬಾಗಿಲ ಮುಂದೆ ಚೆಲ್ಲಾಪಿಲ್ಲಿ ಬಿದ್ದಿದ್ದವು, ಅವ್ವನಿಗೆ ಅದು ಸೇರುತ್ತಿರಲಿಲ್ಲ.

"ಅತ್ತುಬಿಡಲೇ ಶಾಹಿಸ್ತಾ, ಅತ್ತರ ಎದಿ ಹಗುರಾಗತೈತಿ," ಅಂತ ಗೌಸಬಿ ಅತ್ತಿ ನನ್ನ ಬೆನ್ನು ಗುದ್ದಿದಳು. ಅವಳು ಅಪ್ಪನ ತಂಗಿ, ಎದುರು ಓಣಿಗೆ ಮದುವೆಯಾಗಿ ಹೋದವಳು. ನಾನು ಅಳಲು ನೋಡಿದೆ. ಬರಲಿಲ್ಲ. ಸೀನು ಬಂದಂತಾಗಿ ಹೋಗುತ್ತದಲ್ಲ, ಅಷ್ಟೂ ಆಗಲಿಲ್ಲ.

ನದಾಫರ ಮನೆಯ ಒಲೆಗೆ ಒಂದು ಕಟ್ಟಳೆಯಿದೆ. ಮನೆತುಂಬ ಹಿಂಜಿದ ಹತ್ತಿಯ ಅರಳೆ ಹಾರಾಡುವುದರಿಂದ ಒಲೆ ಹಿತ್ತಲ ತಗಡಿನ ಚಪ್ಪರದಲ್ಲಿ. ಮೈಮೇಲೆ ಅರಳೆ ಇರುವ ಗಂಡಸು ಅದರ ಹತ್ತಿರ ಸುಳಿಯಬಾರದು. ಅಪ್ಪನ ಅಜ್ಜನೊಬ್ಬ ಬೀಡಿ ಹಚ್ಚಲು ಒಲೆಯ ಮೇಲೆ ಬಗ್ಗಿ, ಅಂಗಿಗೆ ಹತ್ತಿದ ಅರಳೆಗೆ ಕಿಡಿ ತಾಗಿ ಸುಟ್ಟುಕೊಂಡು ಸತ್ತನಂತೆ. ಅಂದಿನಿಂದ ನಮ್ಮ ಮನೆಯ ಗಂಡಸರು ಬೆಂಕಿ ಮುಟ್ಟುವುದಿಲ್ಲ. ಐವತ್ತು ದಾಟಿದ ಅಪ್ಪ ಒಂದು ಕಡ್ಡಿ ಗೀರಿದ್ದನ್ನು ನಾನು ಕಂಡಿಲ್ಲ. ಹಿರಿಯರ ಹೆಸರಿನ ಫಾತೇಹಾಕ್ಕೆ ಊದಿನಕಡ್ಡಿ ಹಚ್ಚುವವಳೂ ಅವ್ವನೇ. ಇನ್ನು ಅತ್ತಿ ಹಚ್ಚೋಣವೆಂದರೆ, ಸಾವಾದ ಮನೆಯ ಒಲೆಯನ್ನು ಮನೆಯವರೇ ಹಚ್ಚಬೇಕು, ಬೇರೆ ಮನೆಗೆ ಹೋದ ಮಗಳು ಹಚ್ಚಬಾರದು. ಉಳಿದವಳು ನಾನೊಬ್ಬಳು. ನಾನು ಹಚ್ಚಲಿಲ್ಲ.

ಜ್ವರ ಬರುವ ಹಿಂದಿನ ದಿನ ಅವ್ವ ಕೆಮ್ಮಣ್ಣು ಸಗಣಿ ಕಲಸಿ ಒಲೆ ಸಾರಿಸಿದ್ದಳು. ಮಣ್ಣು ಒಣಗಿದಾಗ ಅವಳ ಬೆರಳಿನ ಗೀರುಗಳು ಹಾಗೇ ಉಳಿದಿದ್ದವು. ಒಲೆಯ ಹೊಟ್ಟೆಯಲ್ಲಿ ಅವಳು ಕೊನೆಯ ಸಲ ರೊಟ್ಟಿ ಮಾಡಿದ ಬೂದಿ, ಅರ್ಧ ಸುಟ್ಟ ಎರಡು ಹತ್ತಿಕಟ್ಟಿಗೆ. ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಾಗಲೆಲ್ಲ ಅದನ್ನು ನೋಡುತ್ತಿದ್ದೆ, ಬಟ್ಟೆ ಹಾಕಿ ಒಳಗೆ ಬರುತ್ತಿದ್ದೆ. ದುಃಖ ಅಂತಲ್ಲ. ದುಃಖವಾಗಿದ್ದರೆ ಎಷ್ಟೋ ಚಲೋ ಇತ್ತು. ಕಾಲು ಜೋಮು ಹಿಡಿದಾಗ ಅದು ನಮ್ಮದೇ ಕಾಲು ಅಂತ ಗೊತ್ತಿರುತ್ತದೆ, ಚಿವುಟಿದರೆ ಮಾತ್ರ ತಿಳಿಯುವುದಿಲ್ಲ. ನಾನು ತಲೆಯಿಂದ ಕಾಲಿನ ತನಕ ಹಾಗಾಗಿದ್ದೆ.

ಹೀಗಾಗಿ ಬುತ್ತಿ ನಿಲ್ಲಲಿಲ್ಲ. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗು ಆಗುತ್ತಲೇ ಅತ್ತಿ ಬಿಳಿ ಅರಿವೆ ಮುಚ್ಚಿದ ಬುಟ್ಟಿ ಹೊತ್ತು ಬರುತ್ತಿದ್ದಳು. ಅಪ್ಪ ಅರಳೆ ಜಾಡಿಸಿಕೊಂಡು, ಕೈ ತೊಳೆದು, ಉಂಡು, ಮತ್ತೆ ಗಾದಿಯ ಮುಂದೆ ಕೂಡುತ್ತಿದ್ದ. ಚೆನ್ನಾಗಿದೆ ಅನ್ನುತ್ತಿರಲಿಲ್ಲ, ಸಪ್ಪಗಿದೆ ಅನ್ನುತ್ತಿರಲಿಲ್ಲ. ನಾನು ಗದಗಿನಿಂದ ಬರುವುದರೊಳಗೆ ನನ್ನ ಪಾಲು ಮುಚ್ಚಿಟ್ಟಿರುತ್ತಿತ್ತು. ರಂಜಾನಿನಲ್ಲಿ ಸಂಜೆ ಬಂತು, ಹಬ್ಬದ ದಿನ ಶ್ಯಾವಿಗೆಯೂ ಬುತ್ತಿಯಲ್ಲೇ ಬಂತು. ಚಹಾ ಮಾತ್ರ ಚಿಮಣಿಎಣ್ಣೆಯ ಸ್ಟೋ ಮೇಲೆ ನಾನು ಮಾಡುತ್ತಿದ್ದೆ, ಅದು ಯಾರ ಲೆಕ್ಕಕ್ಕೂ ಒಲೆಯಲ್ಲ.

"ನಮ್ಮತ್ತಿ ಮುದುಕಿ ಬಾಯಿ ಸುಮ್ಮನಿಲ್ಲ," ಅಂದಳು ಅತ್ತಿ ಒಂದು ದಿನ ಬುಟ್ಟಿ ಇಳಿಸುತ್ತ. "ಇಷ್ಟು ದಿನ ಬುತ್ತಿ ಹೋಗೋ ಮನಿ ಇನ್ನೊಂದು ಹೆಣ ಕರೀತೈತಂತ. ನನಗ ಹೊತ್ತು ತರೋದಕ್ಕ ಬ್ಯಾಸರ ಇಲ್ಲ. ಆದರ ನಮ್ಮಣ್ಣ ದಿನಾ ಸೂತಕದ ಕೂಳು ಉಣ್ಣೋದು ನೋಡಾಕ ಆಗವಲ್ದು. ಒಂದು ಕಡ್ಡಿ ಗೀರಾಕ ನಿನಗ ಏನು ಧಾಡಿ ಆಗೇತಿ?"

"ನಾಳೆ ಹಚ್ತೀನಿ ಅತ್ತಿ," ಅಂದೆ. ದಿನಾ ಅನ್ನುತ್ತಿದ್ದದ್ದು ಅದನ್ನೇ.

ಆ ವರ್ಷ ನಮಗೆ ಸಮಾಜಶಾಸ್ತ್ರ ಹೇಳುತ್ತಿದ್ದವರು ಶಿವಯೋಗಿ ಸರ್. ಎನ್ನೆಸ್ಸೆಸ್ ಕೂಡ ಅವರದೇ. ಹೈದರಾಬಾದಿನ ಒಂದು ಸಂಸ್ಥೆಯಲ್ಲಿ ಎರಡು ವರ್ಷದ ಹೊಸ ಎಂಎ ಶುರುವಾಗಿದೆ, ಮಾನವೀಯ ನೆರವಿನ ಅಧ್ಯಯನ ಅಂತ ಹೆಸರು, ನೆರೆ ಬರ ಭೂಕಂಪದಲ್ಲಿ ಸಿಕ್ಕಿಬಿದ್ದವರಿಗೆ ಹೇಗೆ ನೆರವಾಗಬೇಕು ಅನ್ನುವುದನ್ನು ಕಲಿಸುತ್ತಾರೆ, ಫೀಸೂ ಅವರೇ ಕೊಡುತ್ತಾರೆ ಅಂತ ಕ್ಲಾಸಿನಲ್ಲಿ ಹೇಳಿದರು. ಅಡರಕಟ್ಟಿಯ ಸ್ನೇಹಾ ಅರ್ಜಿ ತರಿಸಿಕೊಂಡಳು. ಅವಳೂ ನಾನೂ ದಿನಾ ಒಂದೇ ಬಸ್ಸು, ಒಂದೇ ಸೀಟು. ತನಗೊಂದು ತರಿಸುವಾಗ ನನಗೂ ಒಂದು ತರಿಸಿದ್ದಳು. ತುಂಬಿದೆ. ಬಸ್ಸಿನಲ್ಲಿ ಕೊಡುವ ಕಡಲೆಕಾಯಿ ತಿಂದ ಹಾಗೆ, ಅವಳು ಕೊಟ್ಟಳು ಅಂತ. ಆಮೇಲೆ ಸ್ನೇಹಾಳ ಮನೆಯಲ್ಲಿ ಅಷ್ಟು ದೂರ ಕಳಿಸುವುದಿಲ್ಲ ಅಂದರು, ಅವಳು ಬಿಎಡ್‌ಗೆ ತಿರುಗಿದಳು. ನನ್ನ ಮನೆಯಲ್ಲಿ ಬೇಡ ಅನ್ನುವವರು ಯಾರೂ ಇರಲಿಲ್ಲ.

ಗೌಸಬಿ ಅತ್ತಿಗೆ ಮಾತ್ರ ಹೇಳಿದೆ. ಅವಳು ಗದಗ ಜಿಲ್ಲೆ ಬೇರೆಯಾಗಿ ಹನ್ನೆರಡು ವರ್ಷವಾದರೂ ಇನ್ನೂ ಧಾರವಾಡ ಜಿಲ್ಲಾ ಅನ್ನುವವಳು.

"ಮಾನವೀಯ ಅಂದ್ರ? ಮನಷಾರಾಗಾಕೂ ಕಾಲೇಜು ಐತೇನು?"

"ಐತಂತ."

"ಎರಡು ವರ್ಷ?"

"ಹೂಂ."

"ಅಲ್ಲೀತನಕಾ ನಮ್ಮಣ್ಣನ ಒಲಿ ಯಾರು ಹಚ್ಚತಾರ?"

ನಾನು ಬಿಳಿ ಅರಿವೆ ಮಡಚಿ ಖಾಲಿ ಬುಟ್ಟಿಯಲ್ಲಿ ಇಟ್ಟೆ.

ಗಾಂಧಿ ಜಯಂತಿಯ ಹೊತ್ತಿಗೆ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆಯಲ್ಲ ಅದು, ಎಲ್ಲಿಂದಲೋ ದಾರಿ ತಪ್ಪಿ ಬಂದದ್ದು. ಮೂರು ಹನಿಗೆ ಖುಷಿಪಡುವ ಜನರ ಮೇಲೆ ಹಗಲು ರಾತ್ರಿ ಸುರಿಯಿತು. ತುಂಗಭದ್ರೆ ಉಕ್ಕಿ ಮುಂಡರಗಿ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ನೀರು ಬರದ ಕಡೆ ಮಣ್ಣಿನ ಮಾಳಿಗೆ ಮನೆಗಳು ನೆನೆದು ನೆನೆದು ಕುಸಿದವು. ದಿಬ್ಬದ ಮೇಲಿನ ಒಂದು ಶಾಲೆಯಲ್ಲಿ ಗಂಜಿ ಕೇಂದ್ರ ತೆರೆದರು. ಶಿವಯೋಗಿ ಸರ್ ನಮ್ಮನ್ನು ಒಂದು ಟೆಂಪೊದಲ್ಲಿ ತುಂಬಿಕೊಂಡು ಹೋದರು.

ಕೊಡಲು ನಿಂತರೆ ನಮ್ಮ ಮಂದಿಗೆ ಅಳತೆ ಇರುವುದಿಲ್ಲ. ಬೆಟಗೇರಿಯ ನೇಕಾರ ಓಣಿಗಳಿಂದ ಖಡಕ್ ರೊಟ್ಟಿಯ ಗಂಟು, ಗದಗಿನ ಬಜಾರದಿಂದ ಪಲಾವಿನ ಪೊಟ್ಟಣ, ಮಲ್ಲಸಮುದ್ರದ ಹೆಂಗಸರಿಂದ ಮೊಸರನ್ನದ ಬಕೀಟು, ಕಣಗಿನಹಾಳದಿಂದ ಶೇಂಗಾ ಚಟ್ನಿ. ಟೆಂಪೊ ಹೋಗಿ ಹೋಗಿ ಬರುತ್ತಿತ್ತು. ಎಲ್ಲ ಬೇಯಿಸಿದ್ದು, ಎಲ್ಲ ತಯಾರು. ಯಾರೂ ಒಂದು ಬೆರಳು ಅಲ್ಲಾಡಿಸುವ ಹಾಗಿರಲಿಲ್ಲ.

ಆ ಜನ ಬೆರಳು ಅಲ್ಲಾಡಿಸುತ್ತಲೂ ಇರಲಿಲ್ಲ. ಶಾಲೆಯ ಕೋಣೆಗಳಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕೊಟ್ಟರೆ ಇಸಿದುಕೊಳ್ಳುವರು, ಪಕ್ಕಕ್ಕೆ ಇಡುವರು. ಮಕ್ಕಳಷ್ಟೇ ತಿನ್ನುತ್ತಿದ್ದವು. ನಮ್ಮ ಜೊತೆ ಬಂದ ಹುಡುಗಿಯರು ಮೊದಲ ದಿನವೇ ಮೂಲೆಗೆ ಹೋಗಿ ಅತ್ತರು. ನಾನು ಪೊಟ್ಟಣ ಹಂಚಿದೆ, ಹಾಸಿಗೆ ಹಂಚಿದೆ, ಕೊಳೆತ ನಾಯಿಯನ್ನು ಕೋಲಿನಿಂದ ಎಳೆದು ಹಾಕಿದೆ. ನನಗೆ ಏನೂ ಅನ್ನಿಸಲಿಲ್ಲ. "ಶಾಹಿಸ್ತಾನ ಧೈರ್ಯ ನೋಡ್ರಿ, ಇಂಥಾವರು ಬೇಕು ಈ ಕೆಲಸಕ್ಕ," ಅಂದರು ಸರ್. ಜೋಮು ಹಿಡಿದ ಕಾಲಿಗೆ ಮುಳ್ಳು ತಾಗಿದರೆ ಅದು ಧೈರ್ಯವೇ?

ಕೊನೆಯ ಕೋಣೆಯ ಬಾಗಿಲ ಬಳಿ ಗದಿಗೆವ್ವ ಅಂತ ಒಬ್ಬ ಹೆಂಗಸು ಕೂಡುತ್ತಿದ್ದಳು. ಎಲುಬು ಗಟ್ಟಿಯಾದ, ಐವತ್ತರ ಆಸುಪಾಸಿನ ರೈತರ ಹೆಂಗಸು. ಗಂಡ ಮುದಕಪ್ಪ ಹೊರಗೆ ಕಟ್ಟೆಯ ಮೇಲೆ ಎತ್ತುಗಳನ್ನು ನೋಡುತ್ತ ಕೂತಿರುತ್ತಿದ್ದ. ಒಂದು ಮಧ್ಯಾಹ್ನ ನಾನು ಅವಳಿಗೆ ಪೊಟ್ಟಣ ಚಾಚಿದೆ. ಅವಳು ಕೈ ಮುಂದೆ ಮಾಡಲಿಲ್ಲ.

"ಯಾರ ಸತ್ತಾರಂತ ದಿನಾ ಬುತ್ತಿ ತರತೀರಿ?" ಅಂದಳು.

"ಬುತ್ತಿ ಅಲ್ರಿ ಅವ್ವಾರ, ಊಟ."

"ಒಲಿ ಹಚ್ಚಲಾರದವರಿಗೆ ಮಂದಿ ತಂದು ಉಣಸೋದಕ್ಕ ನಿಮ್ಮೂರಾಗ ಏನಂತಾರ? ನನ್ನ ಮನ್ಯಾಗ ಯಾರೂ ಸತ್ತಿಲ್ಲ. ನನ್ನ ಗಂಡ ಅದಾನ, ಅಕಾ ಅಲ್ಲಿ ಕುಂತಾನ. ಎತ್ತು ಅದಾವ. ಮಾಳಿಗಿ ಬಿದ್ದೈತಿ, ಅಷ್ಟ. ಇದ್ದವರನ್ನ ಯಾಕ ಸತ್ತವರನ್ನ ಮಾಡತೀರಿ?"

ಕೋಣೆಯಲ್ಲಿದ್ದವರು ತಲೆ ಎತ್ತಿ ನೋಡಿದರು. ಎಷ್ಟೋ ದಿನದಿಂದ ಎಲ್ಲರ ಹೊಟ್ಟೆಯಲ್ಲೂ ಇದ್ದ ಮಾತು ಅದೆಂದು ಅವರ ಮುಖದಲ್ಲೇ ಕಾಣುತ್ತಿತ್ತು. ನಾನು ಬೇರೇನಾದರೂ ಹೇಳಬಹುದಿತ್ತು. ಸರ್ ಹತ್ತಿರ ಕೇಳಿ ಬರುತ್ತೇನೆ ಅನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು ಇದು:

"ನಮ್ಮ ಮನ್ಯಾಗ ಸತ್ತಾರ್ರಿ."

"ಯಾರು?"

"ನಮ್ಮವ್ವ."

"ಎಂದ?"

"ಮುಂಗಾರಿಗಿಂತ ಮೊದಲ."

ಅವಳು ಲೆಕ್ಕ ಹಾಕಿದಳು. "ಈಗ ಹಿಂಗಾರಿ ಮಳಿ. ಒಲಿ ಯಾರು ಹಚ್ಚಿದ್ರು?"

"ಯಾರೂ ಹಚ್ಚಿಲ್ರಿ. ಇನ್ನೂ ಬುತ್ತೀನ ಉಣ್ಣಾಕತ್ತೀವಿ."

ಗದಿಗೆವ್ವ ಅಯ್ಯೋ ಪಾಪ ಅನ್ನಲಿಲ್ಲ, ತಲೆ ಸವರಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ನಡಿ. ಮೂರು ಕಲ್ಲು ಹುಡುಕೋಣು."

ಶಾಲೆಯ ಹಿಂದೆ ಬಿದ್ದ ಕಾಂಪೌಂಡಿನ ಕಲ್ಲುಗಳಿದ್ದವು. ಅವಳು ಎರಡು ಹೊತ್ತಳು, ನಾನು ಒಂದು. ಜಗುಲಿಯ ಮೂಲೆಯಲ್ಲಿ ಇಟ್ಟೆವು. ಸರ್ ಓಡಿ ಬಂದರು.

"ಶಾಹಿಸ್ತಾ, ಇಲ್ಲಿ ಬೆಂಕಿ ಬ್ಯಾಡಂತ ಹೇಳ್ಯಾರಲ್ಲ? ಊಟ ಬೇಕಾದಷ್ಟು ಐತಿ. ಉಳದು ಹಳಸಾಕತ್ತೈತಿ."

"ಅದಕ್ಕ ಸರ್. ಬೇಯಿಸಿದ್ದು ಬ್ಯಾಡ, ಹಿಟ್ಟು ತರಸ್ರಿ. ಪರಾತ, ಹಂಚು ತರಸ್ರಿ. ಇವರು ಒಲಿ ಹಚ್ಚೋತನಕಾ ಇದು ಸತ್ತವರ ಮನಿ ಇದ್ದಂಗ."

"ಮಂದಿ ಪ್ರೀತಿಯಿಂದ ಕಳಸ್ಯಾರ—"

"ಬುತ್ತೀನೂ ಪ್ರೀತಿಯಿಂದನ ತರತಾರ್ರಿ ಸರ್. ಆದರ ಅದು ನಿಲ್ಲಬೇಕು."

ಅಷ್ಟು ಜೋರಾಗಿ ನಾನು ಮಾತಾಡಿ ತಿಂಗಳುಗಳಾಗಿದ್ದವು. ಸರ್ ಒಳ್ಳೆಯವರು, ತಡವಾಗಿಯಾದರೂ ಅರ್ಥ ಮಾಡಿಕೊಳ್ಳುವವರು. ಮೇಲಿನವರ ಹತ್ತಿರ ಹೋಗಿ ಜಗಳವಾಡಿ ಬಂದರು. ಸಂಜೆಯ ಟೆಂಪೊದಲ್ಲಿ ಪಲಾವಿನ ಬದಲು ಜೋಳದ ಹಿಟ್ಟಿನ ಚೀಲ ಬಂದವು. ಕಟ್ಟಿಗೆ ಎಲ್ಲ ತೋಯ್ದಿತ್ತು. ಬಿಸ್ಕೀಟು, ಸೋಪು ಬಂದಿದ್ದ ಹಲಗೆಪೆಟ್ಟಿಗೆಗಳನ್ನು ನಾನೇ ಒಡೆದೆ. ಕಡ್ಡಿ ಗೀರಿದವಳು ಗದಿಗೆವ್ವ. ಹೊಗೆ ಎದ್ದು ಜಗುಲಿ ತುಂಬಿತು. ಒಬ್ಬೊಬ್ಬಳೇ ಹೆಂಗಸು ಎದ್ದು ಬಂದಳು, ನೋಡಿದಳು, ಹೋಗಿ ತನ್ನ ಮೂರು ಕಲ್ಲು ಹುಡುಕಿ ತಂದಳು. ಒಂದೇ ದೊಡ್ಡ ಒಲೆ ಹಾಕೋಣ ಅಂದರೆ ಯಾರೂ ಒಪ್ಪಲಿಲ್ಲ. ಅವರವರ ಒಲೆ ಅವರವರಿಗೆ. ಸ್ವಲ್ಪ ಹೊತ್ತಿಗೆ ಜಗುಲಿಯ ಉದ್ದಕ್ಕೂ ರೊಟ್ಟಿ ಬಡಿಯುವ ಸಪ್ಪಳ. ಅದರ ಹಿಂದೆ ಜಗಳವೂ ಶುರುವಾಯಿತು: ಯಾಕ ನನ್ನ ಹಂಚು ತಗೊಂಡಿ, ನಿನ್ನ ಹೊಗಿ ನನ್ನ ಕಣ್ಣಿಗೆ ಬರಾಕತ್ತೈತಿ. ಗೋಡೆಗೆ ಒರಗಿದವರು ಜಗಳವಾಡುತ್ತಿದ್ದಾರಲ್ಲ ಅಂತ ಸರ್ ಮುಖ ಅರಳಿತು.

ಗದಿಗೆವ್ವ ಮೊದಲ ರೊಟ್ಟಿಯನ್ನು ಗಂಡನಿಗೆ ಕೊಟ್ಟಳು, ಎರಡನೆಯದನ್ನು ನನಗೆ.

"ಮನಿಗೆ ಹೋಗಿ ಹಚ್ಚು," ಅಂದಳು.

"ಹಚ್ತೀನ್ರಿ," ಅಂದೆ. ಅವಳಿಗೂ ಸುಳ್ಳು ಹೇಳಿದೆ.

ಮನೆಗೆ ಬಂದು ಒಲೆಯ ಮುಂದೆ ಕೂತದ್ದು ಖರೆ. ಕಡ್ಡಿಪೆಟ್ಟಿಗೆ ಕೈಯಲ್ಲಿತ್ತು. ಹಚ್ಚಬೇಕೆಂದರೆ ಬೂದಿ ತೆಗೆಯಬೇಕು. ಬೂದಿ ತೆಗೆದರೆ ಅದನ್ನು ತಿಪ್ಪೆಗೆ ಹಾಕಬೇಕು. ಇಲ್ಲವಾದರೆ ಪಾತ್ರೆ ತಿಕ್ಕಬೇಕು. ಅವ್ವನ ಕೊನೆಯ ಬೂದಿಯಲ್ಲಿ ಪಾತ್ರೆ ತಿಕ್ಕುವುದು. ಎದ್ದು ಒಳಗೆ ಬಂದೆ. ಅತ್ತಿಯ ಬುಟ್ಟಿ ಬಾಗಿಲಲ್ಲಿತ್ತು, ಉಂಡೆ.

ಚಳಿಗಾಲ ಹೋಯಿತು, ಬಿಸಿಲು ಬಂತು. ಹುಬ್ಬಳ್ಳಿಯಲ್ಲಿ ಸಂದರ್ಶನವಾಯಿತು. ಮೇಜಿನ ಆಚೆ ಮೂವರಿದ್ದರು. ಸರ್ ನನ್ನ ಬಗ್ಗೆ ಅದೇನು ಬರೆದಿದ್ದರೋ, ಗಂಜಿ ಕೇಂದ್ರದ ಕತೆ ಅವರಿಗೆ ಗೊತ್ತಿತ್ತು. ಕನ್ನಡ ಬಲ್ಲ ಒಬ್ಬ ಮೇಡಮ್ಮು ಕೇಳಿದರು, "ನೆರವು ಶುರು ಮಾಡೋದು ಎಲ್ಲರಿಗೂ ಗೊತ್ತು. ಯಾವಾಗ ನಿಲ್ಲಿಸಬೇಕು?"

"ಅವರ ಮನೆಯ ಒಲೆ ಅವರೇ ಹಚ್ಚಿದ ದಿನ," ಅಂದೆ.

"ಹಚ್ಚದೇ ಇದ್ದರೆ?"

ನಾನು ಏನೂ ಹೇಳಲಿಲ್ಲ. ಯೋಚಿಸುತ್ತಿದ್ದಾಳೆ ಅಂದುಕೊಂಡರು. ಮೂವರೂ ಒಬ್ಬರನ್ನೊಬ್ಬರು ನೋಡಿ ಮೆಚ್ಚಿದವರಂತೆ ತಲೆಯಾಡಿಸಿದರು. ನನಗೆ ನಾಚಿಕೆಯಾಯಿತು. ಎಷ್ಟೋ ತಿಂಗಳ ಮೇಲೆ ನನಗೆ ಏನಾದರೂ ಆದದ್ದು ಅದೇ ಮೊದಲು, ಅದೂ ನಾಚಿಕೆ.

ಸೀಟು ಸಿಕ್ಕಿತು. ಸುದ್ದಿ ಕೇಳಿ ಅತ್ತಿ ಬುಟ್ಟಿ ಇಳಿಸುವ ಮೊದಲೇ ಶುರು ಮಾಡಿದಳು.

"ಊರಿಗೆ ಉಪಕಾರಿ, ಮನಿಗೆ ಮಾರಿ! ಹೊಳಿ ದಂಡಿಯವರಿಗೆಲ್ಲಾ ಒಲಿ ಹಚ್ಚಿಕೊಟ್ಟು ಬಂದಾಕಿ, ಹೆತ್ತಪ್ಪನ ಒಲಿ ಬೂದಿ ಹಿಡಿದು ಕುಂತೈತಿ. ಹೋಗು, ಹೋಗು. ಮಂದಿನ್ನ ಉದ್ಧಾರ ಮಾಡು. ನಾನು ಸಾಯೋತನಕಾ ಬುತ್ತಿ ಹೊರತೀನಿ. ನಾನು ಸತ್ತಮ್ಯಾಲೆ ನಮ್ಮಣ್ಣ ಅರಳಿ ತಿನ್ನಲಿ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಪ್ಪ ದೊಡ್ಡ ಸೂಜಿಯಿಂದ ಗಾದಿಗೆ ಟಾಕು ಹಾಕುತ್ತ ಕೂತಿದ್ದ. ರೆಪ್ಪೆಯ ಮೇಲೂ ಅರಳೆ.

"ನಾ ಹೋಗಂಗಿಲ್ಲ ಅತ್ತಿ," ಅಂದೆ. "ಪರೀಕ್ಷಾ ಮುಗದ ಮ್ಯಾಲೆ ಮನ್ಯಾಗ ಇರತೀನಿ. ಒಲಿ ಹಚ್ತೀನಿ."

ಹೇಳುವಾಗ ನೋವೂ ಆಗಲಿಲ್ಲ, ತ್ಯಾಗ ಮಾಡಿದೆನೆಂಬ ಹೆಮ್ಮೆಯೂ ಆಗಲಿಲ್ಲ. ಹೋದರೂ ಅಷ್ಟೇ, ಉಳಿದರೂ ಅಷ್ಟೇ ಅನ್ನಿಸಿತ್ತು. ಅಪ್ಪ ದಾರ ಕಡಿದು ನನ್ನ ಕಡೆ ಒಮ್ಮೆ ನೋಡಿದ. ಮತ್ತೆ ಸೂಜಿಗೆ ದಾರ ಪೋಣಿಸಿದ.

ಕೊನೆಯ ಪರೀಕ್ಷೆಯ ದಿನ ಬಸ್ಸು ಇಳಿದು ನಮ್ಮ ಓಣಿಯ ತಿರುವಿಗೆ ಬಂದಾಗ ಹೊಗೆ ಕಂಡಿತು. ನಮ್ಮ ಮನೆಯ ಮೇಲೆ. ದಪ್ಪ, ಬಿಳಿ ಹೊಗೆ.

ಒಳಗೆ ಹಿಂಜಿಟ್ಟ ಅರಳೆ ಸೂರಿನ ತನಕ ಇತ್ತು. ಅಪ್ಪ ಒಳಗಿದ್ದ. ಇನ್ನೊಂದು ಹೆಣ, ಅಂದಿದ್ದಳಲ್ಲ ಮುದುಕಿ. ನನ್ನ ಕಾಲು ನನಗಿಂತ ಮೊದಲು ಓಡಿದವು. ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಿಲ್ಲ. ಅಪ್ಪಾ ಅಂತ ಕಿರುಚಿದ್ದು ಓಣಿಗೆಲ್ಲ ಕೇಳಿತಂತೆ. ಹೆದರಿಕೆ ಅಂದರೆ ಏನೆಂದು ಮರೆತೇ ಹೋಗಿತ್ತು ನನಗೆ. ಪಡಸಾಲೆ ದಾಟಿದೆ, ಅರಳೆ ಹಾಗೇ ಇತ್ತು. ಹಿತ್ತಲಿಗೆ ಹಾರಿದೆ.

ಅಪ್ಪ ಒಲೆಯ ಮುಂದೆ ಕೂತಿದ್ದ.

ಹಾಡುಹಗಲೇ ಸ್ನಾನ ಮಾಡಿದ್ದ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ. ರಂಜಾನಿಗೆ ಹಾಕುವ ಬಿಳಿ ಜುಬ್ಬಾ, ಬಿಳಿ ಪೈಜಾಮಾ. ಮೈಮೇಲೆ ಅರಳೆಯ ಒಂದು ಎಳೆಯೂ ಇರಲಿಲ್ಲ. ಪಕ್ಕದಲ್ಲಿ ತುಂಬಿದ ಕೊಡ, ಬೆಂಕಿ ಹಾರಿದರೆ ಇರಲಿ ಅಂತ. ಮುರಿದ ಕಡ್ಡಿಗಳು ಸುತ್ತಲೂ ಬಿದ್ದಿದ್ದವು. ಗೀರಲು ಬರದೆ ಅರ್ಧ ಪೆಟ್ಟಿಗೆ ಹಾಳು ಮಾಡಿದ್ದ. ಬೂದಿ ತೆಗೆದಿರಲಿಲ್ಲ. ಅದರ ಮೇಲೆಯೇ ಹತ್ತಿಕಟ್ಟಿಗೆ ಒಟ್ಟಿ ಹಚ್ಚಿದ್ದ, ಅದಕ್ಕೇ ಅಷ್ಟು ಹೊಗೆ. ಕಣ್ಣು ಕೆಂಪಾಗಿ, ಮೂಗು ಸೋರುತ್ತ, ಹಿಟ್ಟಿನ ಪರಾತ ಮುಂದಿಟ್ಟುಕೊಂಡು ನನ್ನನ್ನು ನೋಡಿದ.

"ಬಂದೀ? ಚಲೋ ಆತು. ಹಿಟ್ಟಿಗೆ ಬಿಸಿನೀರು ಹಾಕತಾರೋ, ತಣ್ಣೀರೋ?"

ನನಗೆ ಉಸಿರು ಹತ್ತುತ್ತಿರಲಿಲ್ಲ. "ಎಸರಿಡಬೇಕಪಾ. ಕುದಿಯೋ ನೀರು."

"ಹಂಗೇನು? ನಾ ತಣ್ಣೀರು ಹಾಕಿದೆ. ಒಡದು ಒಡದು ಹೋಗಾಕತ್ತಾವು."

"ನಾ ಹಚ್ತೀನಿ ಅಂದಿದ್ದೆನಲ್ಲ. ನೀ ಯಾಕ..."

"ನೀ ಹಚ್ಚಿದ್ರ ಇದರ ಮುಂದನ ಕುಂಡ್ರತಿ," ಅಂದ ಅಪ್ಪ. ರೊಟ್ಟಿಯ ಚೂರೊಂದನ್ನು ಹಂಚಿನಿಂದ ಕೆರೆದು ತೆಗೆಯುತ್ತ, ನನ್ನ ಕಡೆ ನೋಡದೆ. "ನಿಮ್ಮವ್ವ ನಿನ್ನ ಗದಗಿಗೆ ಕಳಸಬೇಕಾದ್ರ ನಾ ಬ್ಯಾಡ ಅಂದಿದ್ದೆ. ಆಕಿ ನನ್ನ ಕೂಡ ಒಂದು ವಾರ ಮಾತಾಡಲಿಲ್ಲ. ಈಗ ನೀ ಉಳಿದ್ರ, ಆಕಿ ಮುಂದ ನಾ ಏನು ಮಾರಿ ತೋರಸಲಿ? ದಿನಾ ಕೆಲಸ ಮುಗಿಸಿ ಜಳಕಾ ಮಾಡತೀನಿ, ಅರಿವಿ ಬದಲಸತೀನಿ, ಒಂದು ರೊಟ್ಟಿ ಬಡೀತೀನಿ. ಆಗಲಾರದ್ದೇನೈತಿ ಇದರಾಗ? ಬಾ, ಎಸರು ಹೆಂಗಿಡೋದು ತೋರಸು."

ತೋರಿಸಿದೆ. ಆತನ ಕೈ ಗಾದಿ ಬಡಿದ ಕೈ. ರೊಟ್ಟಿಯನ್ನೂ ಹಾಗೇ ಬಡಿದ. ಮೊದಲಿನದು ಮೂರು ತುಂಡಾಯಿತು, ಆಮೇಲಿನದು ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ಬೆಂಕಿಯ ಝಳಕ್ಕೆ ಒಲೆಯ ಬಾಯಿಯ ಮಣ್ಣು ಕಪ್ಪಾಗುತ್ತಿತ್ತು. ಅವ್ವನ ಬೆರಳಿನ ಗೀರುಗಳ ಮೇಲೆ ಮಸಿ ಹತ್ತಿತು. ಅಳಿಸಲಿಲ್ಲ, ಕಪ್ಪಾದವು.

ಅತ್ತಿ ತಂದಿಟ್ಟಿದ್ದ ಬುಟ್ಟಿ ಪಡಸಾಲೆಯಲ್ಲಿ ಹಾಗೇ ಇತ್ತು. "ಗೌಸಬಿಗೆ ಒಂದು ರೊಟ್ಟಿ ಒಯ್ದು ಕೊಡು," ಅಂದ ಅಪ್ಪ. "ನಾಳಿಂದ ಬುತ್ತಿ ಬ್ಯಾಡಂತ ಹೇಳು."

ಎದುರು ಓಣಿಗೆ ಬರಿಗಾಲಲ್ಲೇ ಹೋದೆ. ಅತ್ತಿ ಬಾಗಿಲಲ್ಲಿ ನಿಂತಿದ್ದಳು. ನನ್ನ ಕಿರುಚು ಅವಳಿಗೂ ಕೇಳಿತ್ತು, ಹೊಗೆಯೂ ಕಂಡಿತ್ತು.

"ಹಚ್ಚಿದೇನು?"

"ಅಪ್ಪ ಹಚ್ಚಿದ."

"ಯಾರು? ನಮ್ಮಣ್ಣ? ಬೆಂಕಿ?" ಅವಳು ಎದೆ ಹಿಡಿದುಕೊಂಡಳು. ನಾನು ರೊಟ್ಟಿ ಚಾಚಿದೆ. ಅಲ್ಲೇ ನಿಂತು ಒಂದು ತುಂಡು ಮುರಿದು ಬಾಯಿಗೆ ಹಾಕಿದಳು, ಜಗಿದಳು, ಮುಖ ಸಿಂಡರಿಸಿದಳು.

"ಯಾ ಅಲ್ಲಾ! ರೊಟ್ಟಿಗೆ ಉಪ್ಪು ಹಾಕ್ಯಾನಲ್ಲೇ ಹುಚ್ಚ! ಜ್ವಾಳದ ರೊಟ್ಟಿಗೆ ಯಾರರ ಉಪ್ಪು ಹಾಕತಾರೇನು?" ನಗಲು ಹೋದವಳು ನಡುವೆಯೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅಳುತ್ತಲೇ ಪೂರ್ತಿ ರೊಟ್ಟಿ ತಿಂದಳು.

ನಾನು ಹೇಳಬೇಕಾದ ಮಾತು ಇನ್ನೊಂದಿತ್ತು. ನಾಳಿಂದ ಬುತ್ತಿ ಬೇಡ ಅಂದರೆ ಏನರ್ಥವೆಂದು ಆಗ ತಿಳಿಯಿತು. ಬುತ್ತಿ ಬರುವಷ್ಟು ದಿನ ಅವ್ವ ಆಗಷ್ಟೇ ಹೋದವಳು, ಇನ್ನೂ ಓಣಿಯ ಕೊನೆಗಿದ್ದಾಳೆ. ಒಲೆ ಹೊತ್ತಿದ ಮೇಲೆ ಅವಳು ಹೋದವಳು. ಒಂದು ವರ್ಷದಿಂದ ನಾನು ಬೇಡ ಬೇಡವೆಂದು ತಳ್ಳಿಕೊಂಡು ಬಂದದ್ದು ಅದನ್ನು.

"ಖಬರೈತಿ, ಹೇಳಬ್ಯಾಡ," ಅಂದಳು ಅತ್ತಿ, ಕಣ್ಣು ಒರೆಸಿಕೊಂಡು. "ಬುಟ್ಟಿ ಸಂಜೀಕ ಕಳಸು."

ಮರುದಿನ ನಾನು ಎಸರಿಟ್ಟು ರೊಟ್ಟಿ ಬಡಿಯುತ್ತಿದ್ದೆ. ಅಪ್ಪ ಮುಂದಿನ ಕಟ್ಟೆಯ ಮೇಲೆ ಯಾರದೋ ಮದುವೆಯ ಗಾದಿ ಹೊಲಿಯುತ್ತಿದ್ದ. ಹೈದರಾಬಾದಿಗೆ ಹೋಗುತ್ತೇನೆಂದು ಬೆಳಿಗ್ಗೆಯೇ ಸರ್ ಮನೆಗೆ ಫೋನು ಮಾಡಿ ಹೇಳಿ ಬಂದಿದ್ದೆ. ಮಧ್ಯಾಹ್ನದ ಬಾಂಗು ಆಯಿತು. ರೂಢಿಯಿಂದ ಬಾಗಿಲ ಕಡೆ ನೋಡಿದೆ. ಬಾಗಿಲು ತೆರೆದಿತ್ತು, ಓಣಿಯಲ್ಲಿ ಬಿಸಿಲಿತ್ತು. ಬಿಳಿ ಅರಿವೆ ಮುಚ್ಚಿದ ಬುಟ್ಟಿ ಬರಲಿಲ್ಲ. ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ.

ಹಿಟ್ಟು ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡೆ. ಅವ್ವಾ ಅಂತ ಕರೆದೆ, ಮತ್ತೆ ಕರೆದೆ. ಹಂಚಿನ ಮೇಲೆ ರೊಟ್ಟಿ ಸುಡುತ್ತಿತ್ತು. ಅಪ್ಪ ಮೈಮೇಲಿನ ಅರಳೆಯನ್ನು ಜಾಡಿಸುತ್ತ ಹಿತ್ತಲ ಬಾಗಿಲ ತನಕ ಬಂದ. ಒಲೆಯ ಹತ್ತಿರ ಬರಲಾಗದೆ ಅಲ್ಲೇ ನಿಂತ, ನಾನು ಅತ್ತು ಮುಗಿಸುವ ತನಕ.